ಕೈ ಎತ್ತದ ಮಗು

ಮಕ್ಕಳಿರುವ ಮನೆಯಲ್ಲಿ ಬೀಳುವುದೂ ಏಳುವುದೂ ಹೊಸತಲ್ಲ. ಹಣೆಯಲ್ಲಿ ಬುಗುಟು ಏಳದೆ, ಮಂಡಿ ತರಚದೆ ಬೆಳೆದ ಮಗುವನ್ನು ಯಾರೂ ಕಂಡಿರಲಾರರು. ಇಂತಹ ಪೆಟ್ಟುಗಳಿಗೆ ತಾಯಂದಿರು ಬಹು ಬೇಗನೆ ಒಗ್ಗಿಹೋಗುತ್ತಾರೆ. ಮಗುವನ್ನು ಬೀಳಿಸಿದ ನೆಲಕ್ಕೆ ಎರಡೇಟು ಕೊಟ್ಟು, ಕಣ್ಣೊರಸಿ, ಬಾಯಿಗೊಂದು ಚೂರು ಬೆಲ್ಲವಿಟ್ಟರೆ ಅಲ್ಲಿಗೆ ವ್ಯವಹಾರ ತೀರಿತು. ಆದರೆ ಮಗು ಬೀಳಲೂ ಇಲ್ಲ, ಎಲ್ಲಿಯೂ ತರಚಲಿಲ್ಲ, ಒಂದು ಹನಿ ರಕ್ತವೂ ಕಾಣಲಿಲ್ಲ. ತಾಯಿಯೇ ಕೈಹಿಡಿದು ಆಡಿಸುತ್ತಿದ್ದಾಗ ಅದರ ಕೈಗೆ ಏನೋ ಆಗಿಹೋಯಿತು ಎಂದರೆ ಆಗ ಏನು ಮಾಡತಕ್ಕದ್ದು? ನಮ್ಮ ಮನೆಯಲ್ಲಿ ಅಂತಹದೊಂದು ದಿನ ಬಂದಿತು. ಅದನ್ನು ಬರೆಯಲು ನನಗೆ ಸಂಕೋಚವಿಲ್ಲದೆ ಇಲ್ಲ. ಆದರೂ ಬರೆಯುತ್ತೇನೆ, ಏಕೆಂದರೆ ಅಂದು ನನಗೆ ತಿಳಿಯದೆ ಇದ್ದ ಸಂಗತಿಯು ಈ ಪತ್ರಿಕೆಯನ್ನೋದುವ ಸೋದರಿಯರಲ್ಲಿ ಅನೇಕರಿಗೂ ತಿಳಿಯದೆ ಇರಬಹುದು.

ನಾವು ವಾಸವಾಗಿರುವುದು ಬೆಂಗಳೂರಿನ ಪೂರ್ವಕ್ಕಿರುವ ಮಾರತ್ತಹಳ್ಳಿಯಲ್ಲಿ. ಹೆಸರಿನಲ್ಲಿ ಹಳ್ಳಿಯೆಂಬುದು ಉಳಿದಿದೆಯೇ ಹೊರತು ರಾಗಿಯ ಹೊಲವಾಗಲಿ ಹುಲ್ಲಿನ ಮೆದೆಯಾಗಲಿ ಈಗ ಕಣ್ಣಿಗೆ ಬೀಳುವುದಿಲ್ಲ. ಒಂದು ಕಡೆ ವರ್ತೂರಿಗೂ ವೈಟ್‌ಫೀಲ್ಡಿಗೂ ಹೋಗುವ ಹಾದಿ, ಇನ್ನೊಂದು ಕಡೆ ವಿಮಾನ ಕಾರ್ಖಾನೆಯ ದಾರಿ, ಇವನ್ನು ಅಡ್ಡಹಾಯುವ ಹೊರವರ್ತುಲ ರಸ್ತೆ. ಆ ರಸ್ತೆಯ ಎರಡು ಮಗ್ಗುಲಿಗೂ ಗಾಜಿನ ಕಚೇರಿಗಳು. ನಮ್ಮದು ಆರನೆಯ ಅಂತಸ್ತಿನ ಮನೆ. ನಾನು ಹುಡುಗಿಯಾಗಿದ್ದಾಗ ಆಡುವುದಕ್ಕೆ ಜಗುಲಿಯಿತ್ತು, ಹಿತ್ತಿಲಿತ್ತು, ಎದುರುಮನೆಯವರ ಅಂಗಳವೂ ನಮ್ಮದೇ ಆಗಿತ್ತು. ಜತೆಗೆ ಓರಗೆಯ ಮಕ್ಕಳ ಹಿಂಡು. ನನ್ನ ಮಗಳಿಗೆ ಇರುವುದು ನುಣ್ಣನೆಯ ಕಲ್ಲು ಹಾಸಿದ ಒಂದು ನಡುಮನೆ. ಆಟದ ಜತೆಯೋ, ದೊಡ್ಡವರಾದ ನಾವೇ. ಇದರಲ್ಲೊಂದು ಸೂಕ್ಷ್ಮವಿದೆ. ಎರಡು ವರ್ಷದ ಮಗುವು ಇನ್ನೊಂದು ಎರಡು ವರ್ಷದ ಮಗುವನ್ನು ಕೈಹಿಡಿದು ಮೇಲೆತ್ತಿ ಗಿರ್ರನೆ ತಿರುಗಿಸಲಾರದು. ಆ ಬಲವು ತಂದೆತಾಯಿಗಳಿಗೆ ಮಾತ್ರ ಇರುವುದು.

ಪುಟ್ಟಿಗೆ ಆಗ ಎರಡು ವರ್ಷ ನಾಲ್ಕು ತಿಂಗಳು. ಬೆಳಗ್ಗೆ ನಾನು ಕೋಣೆಯೊಳಗೆ ಹೋಗಿ ಕಚೇರಿಯ ಕೆಲಸಕ್ಕೆ ಕುಳಿತುಕೊಳ್ಳುವ ಮುನ್ನ ಆಕೆಯನ್ನು ನಾಲ್ಕು ಸುತ್ತು ಉಯ್ಯಾಲೆಯಾಡಿಸುವುದು ನಮ್ಮಿಬ್ಬರ ಪದ್ಧತಿ. ಉಯ್ಯಾಲೆಯೆಂದರೆ ಹಗ್ಗವೂ ಮಣೆಯೂ ಅಲ್ಲ. ಎರಡು ಮುಂಗೈಗಳನ್ನೂ ಹಿಡಿದು ನೆಲದಿಂದ ಎತ್ತಿ ತೂಗುವುದು. ಪ್ರತಿದಿನವೂ ಹೀಗೆ ಆಡಿದ್ದೆವು, ಪ್ರತಿದಿನವೂ ಆಕೆ ನಕ್ಕಿದ್ದಳು. ಆ ದಿನ ಗಂಟೆ ಒಂಬತ್ತಾಗುತ್ತ ಬಂದಿತ್ತು. ನನಗೆ ಅವಸರವಾಗಿದ್ದಿತು. ಮೂರನೆಯ ಸುತ್ತಿನಲ್ಲಿ ಬಲಗೈ ಜಾರಿ, ಒಂದು ಕ್ಷಣ ಆಕೆಯ ಭಾರವೆಲ್ಲ ಎಡಗೈಯ ಮೇಲೆಯೇ ಬಿದ್ದಿತು. ಕೂಡಲೆ ಇಳಿಸಿದೆ. ಪುಟ್ಟಿ ಅತ್ತಳು. ಆಟ ನಿಂತುದಕ್ಕೆ ಅಳುತ್ತಿದ್ದಾಳೆಂದು ನಾನು ತಿಳಿದೆ. ಆಯಾಳ ಸೊಂಟಕ್ಕೆ ದಾಟಿಸಿ, ಬಾಗಿಲು ಹಾಕಿಕೊಂಡೆ.

ಮಗುವನ್ನು ನೋಡಿಕೊಳ್ಳುವಾಕೆ ರಾಯಚೂರಿನ ಕಡೆಯವಳು. ಮುನ್ನೇಕೊಳಲಿನಲ್ಲಿ ತಗಡಿನ ಮನೆಯೊಂದರಲ್ಲಿ ಗಂಡನೊಡನೆ ಇರುವವಳು. ಅರ್ಧ ಗಂಟೆಯ ಮೇಲೆ ಆಕೆ ಬಂದು ಬಾಗಿಲು ತಟ್ಟಿದಳು. ನಾನು ಪರದೆಯ ಮೇಲಿನ ಹತ್ತು ಮುಖಗಳೆದುರು ಮಾತನಾಡುತ್ತಿದ್ದೆ. ಆಮೇಲೆ ಬಾ ಎಂದು ಕೈಸನ್ನೆ ಮಾಡಿದೆ. ಆಕೆ ಮತ್ತೊಮ್ಮೆ ತಟ್ಟಿದಳು. ಮತ್ತೊಮ್ಮೆ ಸನ್ನೆ ಮಾಡಿದೆ. ಹತ್ತೂವರೆಗೆ ನಾನು ಹೊರಗೆ ಬಂದಾಗ ಮೊದಲು ಕೇಳಿದ ಮಾತು, “ಅಕ್ಕಾರ, ಕೂಸು ಎಡಗೈ ಎತ್ತವಲ್ದರಿ” ಎಂಬುದು.

ನೋಡಿದರೆ ಮಗು ಅಳುತ್ತಿರಲಿಲ್ಲ. ಆಯಾಳ ಮಡಿಲಲ್ಲಿ ಸುಮ್ಮನೆ ಕುಳಿತಿದ್ದಳು. ಎಡಗೈ ಮಾತ್ರ ಮೊಳಕೈಯಲ್ಲಿ ಕೊಂಚ ಬಾಗಿ, ಅಂಗೈ ಕೆಳಮುಖವಾಗಿ, ಬೇರೆ ಯಾರದೋ ಕೈಯೆಂಬಂತೆ ಹೊಟ್ಟೆಗೆ ಆತು ಬಿದ್ದಿದ್ದಿತು. ಬಾವಿಲ್ಲ, ಕಂದಿಲ್ಲ, ಗಾಯವಿಲ್ಲ. ಬಿಸ್ಕತ್ತು ತೋರಿಸಿದರೆ ಬಲಗೈ ಚಾಚಿ ತೆಗೆದುಕೊಂಡಳು. ಆ ಬಲಗೈಯನ್ನು ಮೆಲ್ಲನೆ ಹಿಡಿದುಕೊಂಡು ಇನ್ನೊಂದು ಬಿಸ್ಕತ್ತು ತೋರಿಸಿದರೆ, ಎಡಗೈ ಕದಲಲಿಲ್ಲ; ಮುಖ ಸಪ್ಪಗಾಯಿತು. ಮೊಳಕೈ ಮುಟ್ಟಿದಾಗ ಮಾತ್ರ ಕಿಟ್ಟನೆ ಕಿರಿಚಿದಳು. ನನ್ನ ಕಾಲಲ್ಲಿ ಬಲವಿಲ್ಲದಂತಾಯಿತು.

ಈ ಹೊತ್ತಿಗೆ ಅತ್ತೆಯವರು ಪೂಜೆ ಮುಗಿಸಿ ಬಂದರು. ಅವರು ಹಾಸನದ ಕಡೆಯವರು. ಮಕ್ಕಳನ್ನೂ ಮೊಮ್ಮಕ್ಕಳನ್ನೂ ಸಾಕಿ ಅನುಭವವುಳ್ಳವರು. ಹರಳೆಣ್ಣೆ ಬೆಚ್ಚಗೆ ಮಾಡಿ ನೀವಬೇಕೆಂದರು. ಹಾಗೆಯೇ ಪುತ್ತೂರು ಕಟ್ಟು ಕಟ್ಟುವವರ ಬಳಿಗೆ ಒಯ್ಯಬಹುದೆಂದರು. ಈ ಪುತ್ತೂರು ನಮ್ಮ ದಕ್ಷಿಣ ಕನ್ನಡದ ಪುತ್ತೂರಲ್ಲ, ಆಂಧ್ರದ್ದು. ಮೂಳೆ ಕಟ್ಟುವ ವಿದ್ಯೆಗೆ ಹಿಂದಿನಿಂದಲೂ ಹೆಸರಾದುದು. ಅದರ ಹೆಸರಿನ ಹಲಗೆಗಳು ಬೆಂಗಳೂರಿನ ಬೀದಿಬೀದಿಯಲ್ಲಿಯೂ ಇವೆ. ಎಣ್ಣೆ, ಕಟ್ಟು ಇವುಗಳ ಮಾತು ಹಾಗಿರಲಿ. ಅತ್ತೆಯವರು ನನ್ನನ್ನು ಅಡಿಗೆಮನೆಗೆ ಕರೆದು ದನಿ ತಗ್ಗಿಸಿ, “ಅವಳೇ ಎಳೆದಿರಬೇಕು ಕಣಮ್ಮ. ನೀನು ಒಳಗಿದ್ದೆ, ನಾನು ದೇವರ ಮುಂದೆ ಇದ್ದೆ. ಇಲ್ಲದಿದ್ದರೆ ಸುಮ್ಮನೆ ಕೂತ ಮಗುವಿಗೆ ಹೀಗಾಗುವುದುಂಟೆ?” ಎಂದರು. ದನಿ ತಗ್ಗಿಸಿದರೂ ನಮ್ಮ ಮನೆಯ ಗೋಡೆ ತೆಳುವು. ಎಲೆಕ್ಟ್ರಾನಿಕ್ ಸಿಟಿಯ ಕಚೇರಿಯಲ್ಲಿದ್ದ ಯಜಮಾನರಿಗೆ ದೂರವಾಣಿ ಮಾಡಿದರೆ ಅವರೂ ಮೊದಲು ಕೇಳಿದ್ದು, “ಆಯಾ ಏನು ಮಾಡಿದಳಂತೆ?” ಎಂದೇ. ನಡುಮನೆಯ ಮೂಲೆಯಲ್ಲಿ ಕ್ಯಾಮೆರಾ ಒಂದಿದೆಯಷ್ಟೆ, ರಾತ್ರಿ ಬಂದು ನೋಡುತ್ತೇನೆ ಎಂದರು.

ನಾನು ಏನೆಂದೆನೆಂದು ಕೇಳುವಿರಾದರೆ, ಏನೂ ಎನ್ನಲಿಲ್ಲ. ಸುಳ್ಳು ಹೇಳಲಿಲ್ಲ ನಿಜ. ಉಯ್ಯಾಲೆಯ ಆಟಕ್ಕೂ ಈ ಕೈಗೂ ಸಂಬಂಧವಿರಬಹುದೆಂದು ನನಗೆ ಹೊಳೆದೇ ಇರಲಿಲ್ಲ. ಆದರೆ ‘ಆಕೆ ಎಳೆಯುವವಳಲ್ಲ’ ಎಂದು ಹೇಳಲು ನನಗೆ ತಿಳಿದಿದ್ದುದು ಸಾಕಾಗಿತ್ತು. ಒಂದು ವರ್ಷದಿಂದ ಆಕೆಯನ್ನು ಕಂಡವಳು ನಾನು. ಇಂತಹ ವಸತಿಗಳಲ್ಲಿ ಒಂದು ಮನೆಯವರು ಒಬ್ಬಾಕೆಯ ಮೇಲೆ ಒಂದು ಮಾತು ಆಡಿದರೆ ಸಂಜೆಯೊಳಗೆ ಅದು ಎಲ್ಲ ಮನೆಗಳ ಮೊಬೈಲಿಗೂ ಮುಟ್ಟುತ್ತದೆ. ಮರುದಿನದಿಂದ ಆಕೆಗೆ ಯಾವ ಬಾಗಿಲೂ ತೆರೆಯುವುದಿಲ್ಲ. ಇದು ನನಗೆ ತಿಳಿಯದ ವಿಷಯವಲ್ಲ.

ಎಣ್ಣೆ ಹಚ್ಚಲು ಮಾತ್ರ ನಾನು ಬಿಡಲಿಲ್ಲ. ಸಮೀಪದ ಮಕ್ಕಳ ಆಸ್ಪತ್ರೆಯೊಂದಕ್ಕೆ ಹೋಗುವುದೆಂದು ಗೊತ್ತುಮಾಡಿದೆವು. ಸಮೀಪವೆಂದರೆ ಎರಡೇ ಮೈಲಿ. ಮಾರತ್ತಹಳ್ಳಿಯ ಸೇತುವೆಯನ್ನು ದಾಟುವುದರಲ್ಲಿಯೇ ಮುಕ್ಕಾಲು ಗಂಟೆ ಕಳೆಯಿತು. ಪುಟ್ಟಿ ನನ್ನ ಬಳಿಗೆ ಬರಲೊಲ್ಲದೆ ಆಯಾಳನ್ನೇ ತಬ್ಬಿಕೊಂಡಿದ್ದಳು. ಆಕೆ ತನ್ನ ಸೆರಗಿನಿಂದ ಮಗುವಿನ ಮುಂಗೈಗೆ ಜೋಲಿಯಂತೆ ಆಸರೆ ಮಾಡಿಕೊಟ್ಟು, ಬಂಡಿ ಕುಲುಕಿದಾಗಲೆಲ್ಲ ಮೊಳಕೈ ಅಲುಗದಂತೆ ಹಿಡಿದಿದ್ದಳು. ಯಾರೂ ಹೇಳಿಕೊಟ್ಟುದಲ್ಲ ಅದು. ದಾರಿಯುದ್ದಕ್ಕೂ ಆಕೆ ಒಂದು ಮಾತನ್ನೂ ಆಡಲಿಲ್ಲ.

ವೈದ್ಯರು ನಡುವಯಸ್ಸಿನ ಹೆಂಗಸು. ಮಗುವನ್ನು ಮುಟ್ಟದೆ, ದೂರದಿಂದಲೇ ಕೆಲಹೊತ್ತು ನೋಡಿದರು. ಬಳಿಕ ಕೇಳಿದರು: “ಬಿದ್ದಳೆ? ಯಾರಾದರೂ ಕೈಹಿಡಿದು ಎಳೆದರೆ, ಎತ್ತಿದರೆ?” ಅತ್ತೆಯವರು ಆಯಾಳ ಕಡೆ ನೋಡಿ, “ನಾವಂತೂ ನೋಡಲಿಲ್ಲ” ಎಂದರು. ವೈದ್ಯರು ಆ ನೋಟವನ್ನು ಗಮನಿಸಿದರೋ ಇಲ್ಲವೋ ಅರಿಯೆ, ನನ್ನತ್ತ ತಿರುಗಿ, “ಮಗು ಎರಡು ಕೈಗಳನ್ನೂ ಸರಿಯಾಗಿ ಆಡಿಸಿದ್ದನ್ನು ಕಡೆಯ ಸಲ ಯಾವಾಗ ಕಂಡಿರಿ?” ಎಂದು ಕೇಳಿದರು.

ಈ ಪ್ರಶ್ನೆಗೆ ಉತ್ತರ ಹುಡುಕುತ್ತ ನಾನು ಮನಸ್ಸಿನಲ್ಲಿ ಹಿಂದಕ್ಕೆ ನಡೆದೆ. ಹತ್ತೂವರೆಗೆ ಇಲ್ಲ. ಬಾಗಿಲು ತಟ್ಟಿದಾಗ ಇಲ್ಲ. ಆಯಾಳ ಸೊಂಟಕ್ಕೆ ದಾಟಿಸಿದಾಗ ಪುಟ್ಟಿ ಆಕೆಯ ಕೊರಳನ್ನು ಬಲಗೈಯೊಂದರಿಂದಲೇ ಹಿಡಿದಿದ್ದಳು; ಎಡಗೈ ಜೋತಿತ್ತು. ಅದಕ್ಕೆ ಹಿಂದೆ ಉಯ್ಯಾಲೆ. “ನಾನೇ,” ಎಂದೆ. “ಬೆಳಗ್ಗೆ ಕೈಹಿಡಿದು ತೂಗಿದೆ. ಒಂದು ಕೈ ಜಾರಿತು.” ಹೇಳಿದ ಮೇಲೆ ಕೋಣೆಯಲ್ಲಿ ಯಾರ ಮುಖವನ್ನೂ ನೋಡಲು ನನಗಾಗಲಿಲ್ಲ.

ವೈದ್ಯರಿಗೆ ಅದರಿಂದ ಸಮಾಧಾನವೇ ಆದಂತೆ ಕಂಡಿತು. ಮಗು ಆಯಾಳ ಮಡಿಲಲ್ಲಿಯೇ ಇರಲಿ ಎಂದರು. ತೋಳೆಲುಬನ್ನೂ ಮಣಿಕಟ್ಟನ್ನೂ ಹೆಗಲಿನ ಎಲುಬನ್ನೂ ಹಗುರವಾಗಿ ಒತ್ತಿ ನೋಡಿದರು. ಅನಂತರ ಒಂದು ಕೈಯಿಂದ ಮೊಳಕೈಗೆ ಆಸರೆಕೊಟ್ಟು, ಹೆಬ್ಬೆರಳನ್ನು ಅದರ ಹೊರಮಗ್ಗುಲಿಗಿಟ್ಟು, ಇನ್ನೊಂದು ಕೈಯಿಂದ ಮಣಿಕಟ್ಟನ್ನು ಹಿಡಿದು ಅಂಗೈಯನ್ನು ಕೆಳಗಡೆಗೆ ಪೂರಾ ತಿರುಗಿಸಿದರು. ಬೀಗದಲ್ಲಿ ಕೀಲಿ ತಿರುಗಿಸಿದಷ್ಟೇ ಕೆಲಸ. ಪುಟ್ಟಿ ಚೀರಿದಳು. ವೈದ್ಯರು, “ಕೂತಿತು” ಎಂದರು. “ಹೊರಗೆ ಕುಳಿತಿರಿ. ಮುಟ್ಟಬೇಡಿ, ಎತ್ತು ಎತ್ತು ಎಂದು ಕಾಡಬೇಡಿ.”

ಹತ್ತು ನಿಮಿಷವಾಗಿರಬಹುದು. ಆಸ್ಪತ್ರೆಯ ಗೋಡೆಯ ಮೇಲೆ ಬಣ್ಣದ ಮೀನುಗಳನ್ನು ಬರೆದಿದ್ದರು. ಪುಟ್ಟಿ ಆಯಾಳ ಮಡಿಲಿನಿಂದ ಇಳಿದು ಗೋಡೆಯ ಬಳಿಗೆ ಹೋಗಿ, ಎರಡು ಕೈಗಳನ್ನೂ ತಲೆಯ ಮೇಲಕ್ಕೆತ್ತಿ ಒಂದು ಹಳದಿಯ ಮೀನನ್ನು ಮುಟ್ಟಿದಳು.

ಇದಕ್ಕೆ ವೈದ್ಯರು ಕೊಟ್ಟ ವಿವರವನ್ನು ನಾನು ತಿಳಿದಷ್ಟು ಇಲ್ಲಿ ಹೇಳುತ್ತೇನೆ. ಮೊಳಕೈಯಿಂದ ಮಣಿಕಟ್ಟಿನವರೆಗೆ ಎರಡು ಎಲುಬುಗಳಿವೆಯಷ್ಟೆ. ಹೆಬ್ಬೆರಳಿನ ಕಡೆಗಿರುವ ಎಲುಬಿನ ಮೇಲ್ತುದಿಯನ್ನು ಒಂದು ಅಸ್ಥಿರಜ್ಜುವು ಬಳೆಯಂತೆ ಸುತ್ತಿಕೊಂಡು, ಜೊತೆಯ ಎಲುಬಿಗೆ ಸೇರಿಸಿ ಹಿಡಿದಿರುತ್ತದೆ. ನಾವು ಅಂಗೈಯನ್ನು ಮೇಲೂ ಕೆಳಗೂ ಹೊರಳಿಸಿದಾಗ ಈ ಎಲುಬು ಆ ಬಳೆಯೊಳಗೆ ತಿರುಗುತ್ತದೆ. ದೊಡ್ಡವರಲ್ಲಿ ಈ ಕಟ್ಟು ದಪ್ಪನಾಗಿ ಬಿಗಿಯಾಗಿರುವುದು. ಒಂದರಿಂದ ನಾಲ್ಕು ವರ್ಷದ ಮಕ್ಕಳಲ್ಲಿ ಅದು ಎಳೆಯದು, ಸಡಿಲ. ನೀಡಿದ ಕೈಯನ್ನು ಫಕ್ಕನೆ ಜಗ್ಗಿದರೆ ಬಳೆಯು ಎಲುಬಿನ ತುದಿಯ ಮೇಲಕ್ಕೆ ಸರಿದು ಕೀಲಿನ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಎಲುಬು ಮುರಿಯುವುದಿಲ್ಲ, ಆದಕಾರಣ ಬಾವೂ ಇರುವುದಿಲ್ಲ. ಸುಮ್ಮನಿದ್ದರೆ ನೋವೂ ಕಡಮೆ. ಆದುದರಿಂದಲೇ ಮಗು ಅಳದೆ, ಕೈಯನ್ನು ಮಾತ್ರ ಬಳಸದೆ ಕುಳಿತಿರುವುದು. ಐದು ವರ್ಷ ದಾಟಿದ ಮೇಲೆ ಇದು ಅಪರೂಪ. ಎಡಗೈಯಲ್ಲಿ ಹೆಚ್ಚು, ಬಹುಶಃ ದೊಡ್ಡವರು ತಮ್ಮ ಬಲಗೈಯಿಂದ ಮಗುವಿನ ಎಡಗೈಯನ್ನು ಹಿಡಿದು ನಡೆಸುವುದರಿಂದ ಇರಬೇಕು. ಬಳೆಯನ್ನು ಸ್ವಸ್ಥಾನಕ್ಕೆ ಕೂರಿಸುವುದಕ್ಕೆ ಎರಡು ವಿಧಾನಗಳಿವೆ: ಅಂಗೈಯನ್ನು ಮೇಲಕ್ಕೆ ತಿರುಗಿಸಿ ಮೊಳಕೈ ಮಡಿಸುವುದೊಂದು, ಕೆಳಕ್ಕೆ ತಿರುಗಿಸುವುದೊಂದು. ಹಲವು ಪರೀಕ್ಷೆಗಳನ್ನು ಒಟ್ಟುಗೂಡಿಸಿ ತೂಗಿನೋಡಿದ ಕಾಕ್ರೇನ್ ಸಮೀಕ್ಷೆಯು, ೨೦೧೭ರಲ್ಲಿ ಪರಿಷ್ಕರಿಸಿದಾಗಲೂ, ಎರಡನೆಯದೇ ಮೊದಲ ಯತ್ನದಲ್ಲಿ ಹೆಚ್ಚಾಗಿ ಫಲಿಸುವುದೆಂದು ಕಂಡಿತು.

ಇಂಗ್ಲಿಷಿನಲ್ಲಿ ಈ ತೊಂದರೆಗೆ ಇಟ್ಟಿರುವ ಒಂದು ಹೆಸರಿನ ಅರ್ಥ ‘ದಾದಿಯ ಮೊಳಕೈ’ ಎಂದಂತೆ. ದಾದಿಯು ಮಗುವನ್ನು ದರದರನೆ ಎಳೆದುಕೊಂಡು ಹೋಗುವಾಗ ಆಗುವುದೆಂದು ಆ ಹೆಸರು! ಆದರೆ ಮಗುವನ್ನು ಮೆಟ್ಟಿಲು ಹತ್ತಿಸುವವರು, ಬಸ್ಸಿಗೆ ಏರಿಸುವವರು, ಅಂಗಿಯ ತೋಳಿನೊಳಗೆ ಕೈ ತೂರಿಸುವವರು, ಬೀದಿ ದಾಟುವಾಗ ಹಿಂದಕ್ಕೆ ಸೆಳೆಯುವವರು, ಆಡಿಸುವವರು ಹೆಚ್ಚಾಗಿ ತಂದೆ, ತಾಯಿ, ಅಕ್ಕ, ಅಜ್ಜ. ಸಮುದ್ರದಾಚೆಯ ಮನೆಯೊಡತಿಯರೂ ಮೊದಲು ದಾದಿಯ ಕಡೆಗೇ ನೋಡಿದರೆಂದು ತೋರುತ್ತದೆ.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳದಿದ್ದರೆ ಈ ಲೇಖನದಿಂದ ಲಾಭಕ್ಕಿಂತ ಕೇಡೇ ಹೆಚ್ಚಾದೀತು. ‘ಇಷ್ಟೇ ತಾನೆ, ನಾವೇ ತಿರುಗಿಸಿದರಾಯಿತು’ ಎಂದು ಯಾರೂ ಹೊರಡಬಾರದು. ಮಗು ಮಂಚದಿಂದಲೋ ಸೋಫಾದಿಂದಲೋ ಕೈಯೂರಿ ಬಿದ್ದಿದ್ದರೆ ಕಥೆಯೇ ಬೇರೆ. ಮೊಳಕೈಗೆ ಸ್ವಲ್ಪ ಮೇಲೆ ತೋಳಿನ ಎಲುಬು ತೆಳುವಾಗಿರುವ ಸ್ಥಳವೊಂದಿದೆ. ಐದಾರು ವರ್ಷದ ಮಕ್ಕಳು ಬಿದ್ದಾಗ ಅದು ಮುರಿಯುವುದು ಬಲು ಸಾಮಾನ್ಯ. ಕೈಗೆ ರಕ್ತವನ್ನೊಯ್ಯುವ ನಾಳವೂ ನರಗಳೂ ಅದರ ಪಕ್ಕದಲ್ಲಿಯೇ ಹಾದುಹೋಗುತ್ತವೆ. ಅಂತಹ ಕೈಯನ್ನು ನೀವುವುದು, ತಿರುಗಿಸುವುದು, ಬಿಗಿಯಾಗಿ ಕಟ್ಟುವುದು ಬಹಳ ಅಪಾಯ. ಒಳಗೆ ಬಾವು ಏರುತ್ತಿರುವಾಗ ಹೊರಗೆ ಕಟ್ಟು ಬಿಗಿದಿದ್ದರೆ ಮಾಂಸಖಂಡಗಳಿಗೆ ರಕ್ತ ಸಾಲದೆ ಅವು ಕೆಲವೇ ಗಂಟೆಗಳಲ್ಲಿ ಸಾಯತೊಡಗುತ್ತವೆ. ಬೆರಳುಗಳು ಕೊಕ್ಕೆಯಂತೆ ಮುದುಡಿ ಕೈ ಜೀವಮಾನವೆಲ್ಲ ಹಾಗೆಯೇ ನಿಂತುಬಿಡುತ್ತದೆ. ಜರ್ಮನಿಯ ಫೋಲ್ಕ್‌ಮನ್ ಎಂಬ ಶಸ್ತ್ರವೈದ್ಯರು ಇದನ್ನು ೧೮೮೧ರಲ್ಲಿಯೇ ವಿವರಿಸಿ, ಬಿಗಿಗಟ್ಟಿನ ಮೇಲೆ ದೋಷವನ್ನು ಹೊರಿಸಿದ್ದರು. ಮೂಳೆಕಟ್ಟಿನ ನಾಟಿವೈದ್ಯರಿಂದ ವಾಸಿಯಾಯಿತೆನ್ನುವವರು ನಮ್ಮ ಬಂಧುಗಳಲ್ಲಿಯೇ ಇದ್ದಾರೆ. ಅವರ ಮಾತನ್ನು ಅಲ್ಲಗಳೆಯುವುದು ನನ್ನ ಕೆಲಸವಲ್ಲ. ಆದರೆ ಎಳೆಯ ಮಗುವಿನ ಮೊಳಕೈಯನ್ನು ಎಕ್ಸ್‌ರೇ ಇಲ್ಲದೆ, ಬೆರಳುಗಳ ಬಣ್ಣವನ್ನು ಗಂಟೆಗಂಟೆಗೆ ನೋಡುವವರಿಲ್ಲದೆ ಬಿದಿರ ದಬ್ಬೆಗಳ ನಡುವೆ ಬಿಗಿಯುವುದನ್ನು ನಾನಂತೂ ಒಪ್ಪಲಾರೆ.

ಹಾಗಾದರೆ ಮನೆಯಲ್ಲಿ ಮಾಡತಕ್ಕದ್ದೇನು? ಬಹಳವಿಲ್ಲ. ಬಳೆ, ಕಡಗಗಳಿದ್ದರೆ ಬಾವು ಏರುವ ಮೊದಲೇ ತೆಗೆಯಬೇಕು. ನಮ್ಮ ಪುಟ್ಟಿಯ ಬೆಳ್ಳಿ ಕಡಗ ಎಡಗೈಯಲ್ಲಿಯೇ ಇದ್ದಿತು, ಅಂದು ಯಾರಿಗೂ ಅದರ ನೆನಪಾಗಲಿಲ್ಲ. ಕೈ ಇರುವ ಭಂಗಿಯಲ್ಲಿಯೇ ಬಟ್ಟೆಯ ಆಸರೆ ಕೊಡಬೇಕು. ಬಿದ್ದಿದ್ದರೆ, ಬಾವು ಬಂದಿದ್ದರೆ, ಕೈ ಸೊಟ್ಟಗೆ ಕಂಡರೆ ಏನನ್ನೂ ತಿನ್ನಿಸದೆ ಕರೆದೊಯ್ಯುವುದು ಮೇಲು. ಮತ್ತುಬರಿಸಿ ಕೂರಿಸಬೇಕಾದರೆ ಬರಿಹೊಟ್ಟೆ ಬೇಕಾಗುತ್ತದೆ. ನಾವು ಕೊಟ್ಟ ಆ ಬಿಸ್ಕತ್ತೂ ತಪ್ಪೇ ಆಗಬಹುದಾಗಿತ್ತು. ಬೆರಳುಗಳು ಬಿಳಿಚಿದರೆ, ನೀಲಿಯಾದರೆ, ತಣ್ಣಗಾದರೆ, ಬೆರಳು ನೀಡಿಸಿದರೆ ಮಗು ತಡೆಯಲಾರದೆ ಅತ್ತರೆ ಒಂದು ಗಳಿಗೆಯೂ ಕಾಯಬಾರದು. ನಮ್ಮ ರಾಜ್ಯದಲ್ಲಿ ೨೦೦೮ರಿಂದ ೧೦೮ ಎಂಬ ಸಂಖ್ಯೆಗೆ ಕರೆದರೆ ಹಣವಿಲ್ಲದೆ ಆಂಬುಲೆನ್ಸ್ ಬರುವ ಏರ್ಪಾಡಿದೆ. ಬೆಂಗಳೂರಿನಲ್ಲಿ ಎಲುಬಿನ ಪೆಟ್ಟುಗಳಿಗೆಂದೇ ಸಂಜಯ ಗಾಂಧಿ ಆಸ್ಪತ್ರೆಯೂ, ಮಕ್ಕಳಿಗೆಂದೇ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಯೂ ಸರ್ಕಾರದ ಆಶ್ರಯದಲ್ಲಿವೆ. ಖಾಸಗಿ ಆಸ್ಪತ್ರೆಯ ಬೆಲೆಗೆ ಹೆದರಿ ಎಣ್ಣೆಯಲ್ಲಿಯೇ ದಿನ ಕಳೆಯಬೇಕಾಗಿಲ್ಲ.

ವೈದ್ಯರು ಒಂದೊಂದೇ ಪ್ರಶ್ನೆ ಕೇಳುತ್ತಿದ್ದಾಗ ಅಪರಾಧಿಯನ್ನು ವಿಚಾರಿಸಿದಂತೆ ನನಗೆ ಅನ್ನಿಸಿದ್ದುಂಟು. ಹೊರಡುವಾಗ ಅದನ್ನು ಹೇಳಿಯೂ ಬಿಟ್ಟೆ. ಅವರು ನಕ್ಕು, ಮಾತು ಬಾರದ ಮಗುವಿನ ಪರವಾಗಿ ಯಾರಾದರೂ ಕೇಳಲೇಬೇಕಲ್ಲ, ಬೇಕೆಂದೇ ನೋಯಿಸಿದ ಮಕ್ಕಳೂ ಇದೇ ಬಾಗಿಲಿಗೆ ಬರುತ್ತಾರೆ ಎಂದರು. ನಾವು ಬಚ್ಚಿಟ್ಟರೆ ಅವರಿಗೆ ಎಕ್ಸ್‌ರೇ ತೆಗೆಯಬೇಕಾಗುತ್ತಿತ್ತು, ಮಗು ಇನ್ನೂ ಎರಡು ಗಂಟೆ ನೋಯಬೇಕಾಗುತ್ತಿತ್ತು. ಕೆಲವು ಮಕ್ಕಳಲ್ಲಿ ಇದು ಮರುಕಳಿಸುವುದುಂಟು. ಎತ್ತುವುದಾದರೆ ಕಂಕುಳಡಿಯಲ್ಲಿ ಕೈಯಿಟ್ಟು ಎತ್ತಿರೆಂದು ತೋರಿಸಿಕೊಟ್ಟರು.

ಮನೆಗೆ ಹಿಂದಿರುಗಿದಾಗ ಮೂರು ಗಂಟೆ. ಅತ್ತೆಯವರು ಆಯಾಳಿಗೆ ತಾವೇ ಬಡಿಸಿ, ಎರಡು ಸಲ ಅನ್ನ ಕೇಳಿ ಹಾಕಿದರು. ಅವರಿಂದ ಅದಕ್ಕಿಂತ ಹೆಚ್ಚಿನ ಮಾತು ಬರದೆಂದು ನಾನು ಬಲ್ಲೆ. ನನಗೆ ಮಾತ್ರ ಅಷ್ಟರಿಂದ ತೀರಲಿಲ್ಲ. ಪಾತ್ರೆ ತೊಳೆಯುವ ಕಡೆಗೆ ಹೋಗಿ, “ಅಡಿಗೆಮನೆಯಲ್ಲಿ ಆಡಿದ ಮಾತು ನಿನಗೆ ಕೇಳಿಸಿತಲ್ಲವೆ?” ಎಂದೆ. “ಕೇಳಿಸ್ತರಿ,” ಎಂದಳು. “ನಾನು ಆಗಲೇ ಇಲ್ಲವೆನ್ನಬೇಕಾಗಿತ್ತು. ತಪ್ಪಾಯಿತು.” ಆಕೆ ತಟ್ಟೆ ತೊಳೆಯುವುದನ್ನು ನಿಲ್ಲಿಸಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, “ನಾ ಎರಡು ಸಲ ಬಾಗಿಲಾ ಬಡದೆರಿ, ಅಕ್ಕಾರ” ಎಂದಳು. ಅಷ್ಟೆ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ರಾತ್ರಿ ಯಜಮಾನರು ಕ್ಯಾಮೆರಾದ ಚಿತ್ರವನ್ನು ಹಾಕಿದರು. ಬೇಡವೆಂದರೂ ಕೇಳದೆ ನಾನೂ ನೋಡಿದೆ. ಆಯಾಳನ್ನು ಕಾಯಲು ಇಟ್ಟ ಕಣ್ಣು ನನ್ನನ್ನೇ ಹಿಡಿದಿತ್ತು: ನಗು, ಸುತ್ತು, ಜಾರಿದ ಕೈ, ಮುಚ್ಚಿದ ಬಾಗಿಲು. ಆಮೇಲಿನದು ನಾನು ಕಾಣದಿದ್ದುದು. ಆಕೆ ಮಗುವಿನ ಮುಂದೆ ಚೆಂಡನ್ನಿಟ್ಟಳು. ಎಡಗಡೆಗೆ ಸರಿಸಿ ಇಟ್ಟಳು. ಮಗು ಮೈಯನ್ನೇ ತಿರುಗಿಸಿ ಬಲಗೈಯಿಂದ ತೆಗೆದುಕೊಂಡಿತು. ಮತ್ತೊಮ್ಮೆ ಹಾಗೆಯೇ ಮಾಡಿ ನೋಡಿ, ಎದ್ದು ಬಂದು ಬಾಗಿಲು ತಟ್ಟಿದಳು. ವೈದ್ಯರು ಮಾಡಿದ ಪರೀಕ್ಷೆಯನ್ನು ಆಕೆ ಅವರಿಗಿಂತ ಎರಡೂವರೆ ಗಂಟೆ ಮುಂಚೆಯೇ ಮಾಡಿದ್ದಳು. ಯಜಮಾನರು ಪೆಟ್ಟಿಗೆಯನ್ನು ಮುಚ್ಚಿ, ತುಸು ಹೊತ್ತು ಸುಮ್ಮನಿದ್ದು, ಕುರ್ಚಿ ಹಾಕಿಕೊಂಡು ಹತ್ತಿ ಕ್ಯಾಮೆರಾದ ತಂತಿಯನ್ನು ಕಿತ್ತರು.

ಹತ್ತು ಹದಿನೈದು ದಿನ ನನಗೆ ಪುಟ್ಟಿಯ ಕೈ ಮುಟ್ಟುವುದೇ ಭಯವಾಗಿತ್ತು. ಅಂಗಿ ತೊಡಿಸುವುದನ್ನೂ ಅತ್ತೆಯವರಿಗೆ ಬಿಟ್ಟೆ. ನಿದ್ದೆಯಲ್ಲಿ ಎದ್ದು ಆಕೆ ಎರಡು ಕೈಗಳನ್ನೂ ಮೇಲಕ್ಕೆ ಚಾಚಿ ಮಲಗಿದ್ದಾಳೆಯೇ ಎಂದು ನೋಡುತ್ತಿದ್ದೆ. ಆಕೆಗೋ ಇದಾವುದರ ನೆನಪೂ ಇಲ್ಲ. ಒಂದು ಬೆಳಗ್ಗೆ ಒಂಬತ್ತಕ್ಕೆ ಮುಂಚೆ ನಡುಮನೆಯ ಮಧ್ಯದಲ್ಲಿ ನಿಂತು, ಎರಡು ಕೈಗಳನ್ನೂ ನೀಡಿ, “ಅಮ್ಮಾ, ಉಯ್ಯಾಲೆ” ಎಂದಳು. ನಾನು ನಿಂತಲ್ಲಿಯೇ ನಿಂತೆ. ಆಯಾ ಬಾಗಿಲ ಬಳಿ ಚಪ್ಪಲಿ ಬಿಡುತ್ತಿದ್ದವಳು ನನ್ನ ಮುಖವನ್ನೊಮ್ಮೆ ನೋಡಿ, “ಕಂಕಳದಾಗ ಹಿಡೀರಿ ಅಕ್ಕಾರ, ಡಾಕ್ಟರ್ ತೋರಿಸ್ಯಾರಲ್ರಿ” ಎಂದಳು. ಹಿಡಿದೆ. ನಾಲ್ಕು ಸುತ್ತಿಗೆ ಬೆನ್ನು ನೊಂದಿತು. ಪುಟ್ಟಿ ಐದನೆಯದನ್ನೂ ಕೇಳಿದಳು.